ಪೆನ್ಸಿಲ್ವೇನಿಯದ ಜರ್ಮನ್ ರೈತರೂ ಚೀಟಿಯ ಪಡೆಯೂ

ಅಮೆರಿಕದ ಸ್ವಾತಂತ್ರ್ಯ ಸಮರವೆಂದರೆ ನಮಗೆ ನೆನಪಾಗುವುದು ವಾಷಿಂಗ್ಟನ್ ಮತ್ತು ಅವನ ಸೈನ್ಯ. ಆದರೆ ಆ ಸಮರದ ಭಾರವನ್ನು ಊರೂರಿನ ರೈತರ ಪಡೆಗಳೂ ಹೊತ್ತಿದ್ದವು. ಪೆನ್ಸಿಲ್ವೇನಿಯದಲ್ಲಿ ಅಂಥವರಲ್ಲಿ ಅನೇಕರ ಮನೆಮಾತು ಇಂಗ್ಲಿಷಲ್ಲ, ಜರ್ಮನ್. ಆ ಪ್ರಾಂತದ ಜನರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜರ್ಮನರೇ ಆಗಿದ್ದರು.

ಇಂಗ್ಲಿಷರು ಸ್ಥಾಪಿಸಿದ ಪ್ರಾಂತವು ಪರಕೀಯರ ಕೈಸೇರಬೇಕೇ ಎಂದು 1751ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇವರನ್ನು ಕುರಿತೇ ಕಟುವಾಗಿ ಬರೆದಿದ್ದ. 1775ರಲ್ಲಿ ಅದೇ ಫ್ರಾಂಕ್ಲಿನ್ ಪ್ರಾಂತದ ರಕ್ಷಣಾ ಸಮಿತಿಯ ಅಧ್ಯಕ್ಷನಾದಾಗ ಆ 'ಪರಕೀಯರ' ತೋಳ್ಬಲವೂ ಬೇಕಾಯಿತು!

ಯುದ್ಧವನ್ನೇ ಒಪ್ಪದ ಕ್ವೇಕರರ ಪ್ರಭಾವದಿಂದ ಅಲ್ಲಿ ಕಡ್ಡಾಯ ಪಡೆಯೆಂಬುದು ನೆಲೆಯೂರಿರಲಿಲ್ಲ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿದ ಮೇಲೆ ಸ್ವಯಂಸೇವಕ ಸಂಘಗಳು ಎದ್ದವು. ಜರ್ಮನರೂ ಸೇರಿದರು. ಫಿಲಡೆಲ್ಫಿಯದ ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚುಗಳ ಮುಖಂಡರು, ಜರ್ಮನ್ ಸಂಘದವರೊಡನೆ ಕೂಡಿ, ನ್ಯೂಯಾರ್ಕ್ ಮತ್ತು ಉತ್ತರ ಕೆರೊಲಿನದ ತಮ್ಮ ಭಾಷಾಬಾಂಧವರಿಗೆ ಒಂದು ಮನವಿಯನ್ನು ಹೊರಡಿಸಿದರು. ಅದನ್ನು ಮುದ್ರಿಸಿದವನು ಪತ್ರಿಕೆಗಾರ ಹೈನ್ರಿಖ್ ಮಿಲ್ಲರ್. ಸ್ವಾತಂತ್ರ್ಯ ಘೋಷಣೆ ಅಂಗೀಕೃತವಾದ ಸುದ್ದಿಯನ್ನು 1776ರ ಜುಲೈ 5ರಂದು ಮೊಟ್ಟಮೊದಲು ಅಚ್ಚುಹಾಕಿದ್ದು ಇವನ ಜರ್ಮನ್ ಪತ್ರಿಕೆಯೇ. ಸಣ್ಣ ಭಾಷೆಯ ಪತ್ರಿಕೆಯನ್ನು ಓದುವ ನಮಗೆ ಇದು ಸಂತೋಷದ ಸಂಗತಿ.

ಮನಬಂದವರು ಬರುವ ಪಡೆ ಸಾಲಲಿಲ್ಲ. 1777ರ ಮಾರ್ಚ್ 17ರ ಕಾನೂನು 18ರಿಂದ 53 ವರ್ಷದವರೆಗಿನ ಬಿಳಿಯ ಗಂಡಸರನ್ನೆಲ್ಲ, ಕೆಲವರನ್ನು ಬಿಟ್ಟು, ಪಡೆಗೆ ಸೇರಿಸಿತು. ಪ್ರತಿ ಕೌಂಟಿಗೆ ಒಬ್ಬ ಲೆಫ್ಟಿನೆಂಟ್, ಕೌಂಟಿಯೊಳಗೆ ವಿಭಾಗಗಳು, ಪ್ರತಿ ವಿಭಾಗಕ್ಕೆ ಎಂಟು ಕಂಪೆನಿಗಳು. ಕ್ಯಾಪ್ಟನ್ ಯಾರೆಂದು ಊರವರೇ ಆರಿಸಬೇಕು. ಪ್ರತಿ ಕಂಪೆನಿಯನ್ನೂ ಚೀಟಿ ಎತ್ತಿ ಎಂಟು ವರ್ಗಗಳಾಗಿ ವಿಂಗಡಿಸುತ್ತಿದ್ದರು. ಒಂದನೆಯ ವರ್ಗಕ್ಕೆ ಕರೆ ಬಂದರೆ ಎಲ್ಲ ಕಂಪೆನಿಗಳಿಂದಲೂ ಆ ವರ್ಗದವರು ಮಾತ್ರ ಎರಡು ತಿಂಗಳ ಮಟ್ಟಿಗೆ ಹೊರಡಬೇಕು. ಅನಂತರ ಎರಡನೆಯವರ ಸರದಿ. ಊರಿನ ಗಂಡಸರೆಲ್ಲ ಒಮ್ಮೆಲೇ ಹೊರಟುಹೋದರೆ ಗೋಧಿ ಕೊಯ್ಯುವವರಾರು? ಲೆಕ್ಕ ಬಲ್ಲವರೇ ಮಾಡಿದ ಏರ್ಪಾಡು ಇದು.

ಕವಾಯತಿಗೆ ಬಾರದವನಿಗೆ ದಂಡ. ಸರದಿ ಬಂದವನು ಬದಲಿ ಆಳನ್ನು ಕಳುಹಿಸಬಹುದಿತ್ತು. ಎರಡನ್ನೂ ಮಾಡದವನ ಪರವಾಗಿ ಅಧಿಕಾರಿಗಳೇ ಆಳನ್ನು ಗೊತ್ತುಮಾಡಿ, ಖರ್ಚನ್ನು ಅವನಿಂದ ವಸೂಲು ಮಾಡುತ್ತಿದ್ದರು. ಕೊಡದಿದ್ದರೆ ಸೊತ್ತು ಜಪ್ತಿ. ಇದರ ಪೆಟ್ಟು ಬಿದ್ದದ್ದು ಅಹಿಂಸೆಯೇ ಧರ್ಮವೆಂದು ನಂಬಿದ್ದ ಜರ್ಮನ್ ಮೆನ್ನೊನೈಟರ ಮೇಲೆ. ಹಸಿದವರಿಗೆ ಅನ್ನ ಕೊಡುತ್ತೇವೆ, ಕೊಲ್ಲುವುದಕ್ಕೆ ಮಾತ್ರ ನೆರವಾಗಲಾರೆವು ಎಂಬರ್ಥದಲ್ಲಿ ಅವರು 1775ರ ನವೆಂಬರಿನಲ್ಲೇ ಶಾಸನಸಭೆಗೆ ಬಿನ್ನವಿಸಿಕೊಂಡಿದ್ದರು. ಸಭೆ ಅವರ ಕೈಗೆ ಬಂದೂಕು ಕೊಡಲಿಲ್ಲ ನಿಜ, ತೆರಿಗೆಯನ್ನಂತೂ ಹೇರಿತು. ಒಂದೇ ಮಾತನಾಡುವ ನೆರೆಹೊರೆಯವರಲ್ಲಿ ಒಬ್ಬನು ದಂಡ ತೆರುವವನು, ಇನ್ನೊಬ್ಬನು ಅದನ್ನು ವಸೂಲು ಮಾಡಲು ಬಂದವನು.

ಈ ಊರಪಡೆಗಳಲ್ಲದೆ, 1776ರಲ್ಲಿ ಕಾಂಗ್ರೆಸ್ಸು ಪೆನ್ಸಿಲ್ವೇನಿಯ ಮತ್ತು ಮೇರಿಲ್ಯಾಂಡಿನ ಜರ್ಮನರದೇ ಒಂದು ರೆಜಿಮೆಂಟನ್ನು ಖಾಯಂ ಸೈನ್ಯಕ್ಕಾಗಿ ಕಟ್ಟಿತು. ಅದೇ ಡಿಸೆಂಬರ್ 26ರ ಬೆಳಿಗ್ಗೆ ಟ್ರೆಂಟನ್ನಿನಲ್ಲಿ ಅದು ವಾಷಿಂಗ್ಟನ್ನನ ಸೈನ್ಯದಲ್ಲಿತ್ತು. ಎದುರಿಗಿದ್ದವರು ಬ್ರಿಟಿಷರು ಬಾಡಿಗೆಗೆ ತಂದ ಹೆಸ್ಸಿಯನ್ ಸೈನಿಕರು. ಅವರ ಮಾತೂ ಜರ್ಮನೇ.