ಉಷ್ಣಾಘಾತ ಪ್ರೋಟೀನುಗಳೂ ಕ್ಯಾನ್ಸರೂ

ಮೊಟ್ಟೆಯನ್ನು ಬೇಯಿಸಿದರೆ ಅದರ ಲೋಳೆ ಬೆಳ್ಳಗೆ ಗಟ್ಟಿಯಾಗುವುದನ್ನು ಎಲ್ಲರೂ ಬಲ್ಲರು. ಲೋಳೆಯಲ್ಲಿರುವ ಪ್ರೋಟೀನಿನ ಅಣುಗಳು ದಾರದ ಉಂಡೆಗಳಂತೆ ಸುತ್ತಿಕೊಂಡಿರುತ್ತವೆ. ಶಾಖ ತಗುಲಿದೊಡನೆ ಆ ಸುತ್ತು ಬಿಚ್ಚಿ, ಎಳೆಗೆ ಎಳೆ ತೊಡರಿ, ಮತ್ತೆ ಬಿಡಿಸಲಾಗದ ಮುದ್ದೆಯಾಗುತ್ತದೆ. ನಮ್ಮ ಜೀವಕೋಶಗಳಲ್ಲಿಯೂ ಪ್ರೋಟೀನುಗಳು ತುಂಬಿರುವುವಷ್ಟೆ. ಹಾಗಾದರೆ ಜ್ವರ ಬಂದಾಗ ಅವು ಕೆಡದೆ ಉಳಿಯುವುದು ಹೇಗೆ?

ಇದರ ಸುಳಿವು ದೊರೆತುದು ಇಟಲಿಯಲ್ಲಿ. ಹಣ್ಣಿನ ನೊಣದ ಅಂಗಾಂಶವನ್ನಿಟ್ಟಿದ್ದ ಪೆಟ್ಟಿಗೆಯ ಉಷ್ಣತೆ ಆಕಸ್ಮಿಕವಾಗಿ ಏರಿದಾಗ, ಲಾಲಾಗ್ರಂಥಿಯ ವರ್ಣತಂತುಗಳು ಕೆಲವೆಡೆ ಉಬ್ಬಿದುದನ್ನು ಫೆರುಚ್ಚೊ ರಿಟೋಸ ಎಂಬ ವಿಜ್ಞಾನಿ ಕಂಡು, ೧೯೬೨ರಲ್ಲಿ ಪ್ರಕಟಿಸಿದನು. ಉಬ್ಬಿದ ಎಡೆಗಳಲ್ಲಿ ಜೀನುಗಳು ಎಚ್ಚೆತ್ತು ಕೆಲಸಕ್ಕೆ ತೊಡಗಿದ್ದವು. ಅವುಗಳಿಂದ ಹುಟ್ಟುವ ಪ್ರೋಟೀನುಗಳನ್ನು ೧೯೭೪ರಲ್ಲಿ ಗುರುತಿಸಲಾಯಿತು. ಇವೇ ಉಷ್ಣಾಘಾತ ಪ್ರೋಟೀನುಗಳು. ಬಿಚ್ಚಿಕೊಂಡ ಎಳೆಗಳನ್ನು ಹಿಡಿದು, ಮುದ್ದೆಯಾಗಗೊಡದೆ, ಸರಿಯಾಗಿ ಮಡಿಸುವುದು ಇವುಗಳ ಕೆಲಸ. ಶಾಖವಲ್ಲದೆ ವಿಷ, ಆಮ್ಲಜನಕದ ಅಭಾವ ಮೊದಲಾದ ಸಂಕಟಗಳಲ್ಲಿಯೂ ಇವು ಹೆಚ್ಚುತ್ತವೆ. ಎಚ್‌ಎಸ್‌ಪಿ ೭೦, ಎಚ್‌ಎಸ್‌ಪಿ ೯೦ ಎಂಬ ಹೆಸರುಗಳು ಸಾವಿರಗಳಲ್ಲಿ ಎಣಿಸಿದ ಅಣುತೂಕವನ್ನು ಸೂಚಿಸುತ್ತವೆ.

ಕ್ಯಾನ್ಸರಿನ ಕೋಶವು ಸದಾ ಸಂಕಟದಲ್ಲಿಯೇ ಬಾಳುತ್ತದೆ. ಅದರ ಜೀನುಗಳು ಕೆಟ್ಟಿರುವುದರಿಂದ ಪ್ರೋಟೀನುಗಳೂ ವಿಕಾರವಾಗಿರುತ್ತವೆ. ಗಂತಿಯ ಒಳಗೆ ಆಮ್ಲಜನಕವೂ ಸಾಲದು. ಆದುದರಿಂದ ಅದು ಈ ರಕ್ಷಕರನ್ನೇ ಬಲವಾಗಿ ಆಶ್ರಯಿಸುತ್ತದೆ. ಎಚ್‌ಎಸ್‌ಪಿ ೯೦ರ ಕೆಲಸವನ್ನು ತಡೆದರೆ ಗಂತಿಯನ್ನು ಬೆಳೆಸುವ ಅನೇಕ ಪ್ರೋಟೀನುಗಳು ಆಸರೆ ತಪ್ಪಿ ನಾಶವಾಗುತ್ತವೆ.

ಹೀಗೆ ತಡೆಯುವ ಜೆಲ್ಡಾನಮೈಸಿನ್ ಎಂಬ ವಸ್ತುವಿನ ಪ್ರಭಾವ ಕ್ಯಾನ್ಸರಿಗೆ ಮಾತ್ರ ಸೀಮಿತವಲ್ಲ. ಬೆಂಗಳೂರಿನ ಮತ್ತಿಕೆರೆಯ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ಟಾಟು ಅವರ ತಂಡವು, ಅದು ಮಲೇರಿಯಾ ಪರಾವಲಂಬಿಯ ಬೆಳವಣಿಗೆಯನ್ನೂ ತಡೆಯುವುದೆಂದು ೨೦೦೩ರಲ್ಲಿ ತೋರಿಸಿತು. ರೋಗಿಯ ಜ್ವರದ ತಾಪವನ್ನು ಮತ್ತೆ ಮತ್ತೆ ಸಹಿಸಬೇಕಾದ ಆ ಜೀವಿಗೂ ಇದೇ ಆಸರೆ ಬೇಕು. ಇದೇ ಮಾರ್ಗದ ಪಿಮಿಟೆಸ್ಪಿಬ್ ಎಂಬ ಔಷಧಿಗೆ ಜಪಾನು ೨೦೨೨ರಲ್ಲಿ, ಜೀರ್ಣಾಂಗದ ಒಂದು ಬಗೆಯ ಗಂತಿಗಾಗಿ, ಒಪ್ಪಿಗೆಯಿತ್ತಿತು.

ಆದರೆ ಈ ರಕ್ಷಕನೇ ಗಂತಿಯ ಗುಟ್ಟನ್ನು ಹೊರಗೆಡಹಲೂ ಬಲ್ಲನು. ಇಲಿಗಳ ಗಂತಿಯಿಂದ ಜಿಪಿ ೯೬ ಎಂಬ, ಎಚ್‌ಎಸ್‌ಪಿ ೯೦ರ ಬಳಗದ, ಪ್ರೋಟೀನನ್ನು ಬೇರ್ಪಡಿಸಿ ಬೇರೆ ಇಲಿಗಳಿಗೆ ಚುಚ್ಚಿದರೆ, ಅವು ಅದೇ ಗಂತಿಯನ್ನು ಎದುರಿಸುವುವೆಂದು ಭಾರತ ಸಂಜಾತ ವಿಜ್ಞಾನಿ ಪ್ರಮೋದ್ ಶ್ರೀವಾಸ್ತವ ಮತ್ತು ಸಂಗಡಿಗರು ೧೯೮೬ರಲ್ಲಿ ವರದಿ ಮಾಡಿದರು. ಈ ಪ್ರೋಟೀನು ಕೋಶದೊಳಗಿನ ಇತರ ಪ್ರೋಟೀನುಗಳ ತುಣುಕುಗಳನ್ನು ಅಂಟಿಸಿಕೊಂಡಿರುತ್ತದೆ. ಕೋಶವು ಒಡೆದು ಇದು ಹೊರಬಿದ್ದಾಗ ದೇಹದ ಕಾವಲುಕೋಶಗಳು ಅದನ್ನು ನುಂಗಿ, ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುತ್ತವೆ. ವಿಕಾರದ ತುಣುಕನ್ನು ಗುರುತಿಸಿದ ಟಿ ಕೋಶಗಳು ಗಂತಿಯ ಮೇಲೆ ಬೀಳುತ್ತವೆ.

ರೋಗಿಯ ಸ್ವಂತ ಗಂತಿಯಿಂದಲೇ ಇಂತಹ ಲಸಿಕೆಯನ್ನು ತಯಾರಿಸಿ ಪರೀಕ್ಷಿಸಿದ್ದುಂಟು. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲ ೨೦೦೮ರಲ್ಲಿ ಪ್ರಕಟವಾಯಿತು. ರೋಗದ ಮರುಕಳಿಕೆಯನ್ನು ತಡೆಯುವಲ್ಲಿ, ಒಟ್ಟಿನ ಮೇಲೆ, ಲಸಿಕೆ ಯಶಸ್ವಿಯಾಗಲಿಲ್ಲ. ಕೋಶದ ಒಳಗೆ ಶತ್ರುವಿಗೆ ಆಸರೆ, ಹೊರಗೆ ನಮಗೆ ದೂತ: ಒಂದೇ ಪ್ರೋಟೀನಿನ ಈ ಎರಡು ಮುಖಗಳಲ್ಲಿ ಯಾವುದನ್ನು ತಡೆಯಬೇಕು, ಯಾವುದನ್ನು ಬಳಸಬೇಕು ಎಂಬ ವಿವೇಚನೆಯಲ್ಲಿಯೇ ಚಿಕಿತ್ಸೆಯ ಹಾದಿ ಅಡಗಿದೆ.