ಕಡಲಿನಲ್ಲೂ ಹಾಲುಣಿಸುವ ತಾಯಂದಿರಿದ್ದಾರೆ



ಸಂಘದಲ್ಲಿ ಹಾಲು ಅಳೆಯುವಾಗ ಹಸುವಿನ ಹಾಲಿಗೆ ಫ್ಯಾಟ್ ನಾಲ್ಕರ ಹತ್ತಿರ ಬಂದರೆ ನಮಗೆ ಸಮಾಧಾನ. ಎಮ್ಮೆ ಹಾಲಾದರೆ ಆರೋ ಏಳೋ ಬರುತ್ತದೆ. ಆದರೆ ಶೇ 35ಕ್ಕೂ ಹೆಚ್ಚು ಫ್ಯಾಟ್ ಇರುವ ಹಾಲು ಕೊಡುವ ಪ್ರಾಣಿಯೊಂದಿದೆ. ಅದಕ್ಕೆ ಕೊಟ್ಟಿಗೆಯಿಲ್ಲ, ಹಿಂಡಿ-ಬೂಸಾ ಇಡುವವರಿಲ್ಲ. ಅದೇ ಕಡಲಿನ ನೀಲಿ ತಿಮಿಂಗಿಲ. ಈ ತಿಂಗಳು ಅದರ ಕಥೆಯನ್ನು ತಿಳಿಯೋಣ. ದನ ಸಾಕಿದ ನಿಮಗೆ ಇದು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಮೀನಲ್ಲ, ದನದ ದೂರದ ನೆಂಟ

ನೀರಿನಲ್ಲಿ ಈಜುವುದರಿಂದ ತಿಮಿಂಗಿಲವನ್ನು ದೊಡ್ಡ ಮೀನು ಎಂದುಕೊಂಡವರೇ ಹೆಚ್ಚು. ಆದರೆ ಅದಕ್ಕೆ ಕಿವಿರಿಲ್ಲ, ಶ್ವಾಸಕೋಶವಿದೆ. ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು. ಮೂಗಿನ ಹೊಳ್ಳೆ ನೆತ್ತಿಯ ಮೇಲಿದೆ. ಅದರ ರಕ್ತ ಬಿಸಿ, ಅದು ಮರಿ ಹಾಕುತ್ತದೆ, ಹಾಲು ಕುಡಿಸುತ್ತದೆ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸಿದರೆ ತಿಮಿಂಗಿಲ ಮೇಲಕ್ಕೆ ಕೆಳಕ್ಕೆ ಬೀಸುತ್ತದೆ.

ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡುತ್ತಿದ್ದವು. ಹಸು, ಕುರಿ, ಜಿಂಕೆಗಳಂಥ ಸೀಳುಗೊರಸಿನ ಪ್ರಾಣಿಗಳ ವಂಶದಿಂದಲೇ ಅವು ಬಂದವು ಎಂದು ಹಳೆಯ ಮೂಳೆಗಳೂ ಡಿಎನ್‌ಎ ಪರೀಕ್ಷೆಯೂ ಹೇಳುತ್ತವೆ. ಈಗ ಬದುಕಿರುವ ಪ್ರಾಣಿಗಳಲ್ಲಿ ಅವಕ್ಕೆ ತೀರಾ ಹತ್ತಿರದ್ದು ನೀರಾನೆ. ಇದಕ್ಕೆ ಒಂದು ಮುಖ್ಯ ಸಾಕ್ಷಿ ಸಿಕ್ಕಿದ್ದು ನಮ್ಮ ದೇಶದಲ್ಲೇ. ಭಾರತದ ಭೂವಿಜ್ಞಾನಿ ಎ. ರಂಗರಾವ್ ಅವರು ಕಾಶ್ಮೀರದ ಕಡೆ ಸಂಗ್ರಹಿಸಿಟ್ಟಿದ್ದ ಬಂಡೆಗಳಲ್ಲಿ ಸುಮಾರು 4.8 ಕೋಟಿ ವರ್ಷ ಹಳೆಯ ಒಂದು ಚಿಕ್ಕ ಗೊರಸಿನ ಪ್ರಾಣಿಯ ಮೂಳೆಗಳಿದ್ದವು. ಅದರ ಹೆಸರು ಇಂಡೋಹಯಸ್. ಅದರ ಕಿವಿಯ ಮೂಳೆ ತಿಮಿಂಗಿಲದ ಕಿವಿಯ ಮೂಳೆಯಂತೆಯೇ ಇದೆ ಎಂದು 2007ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ತಿಮಿಂಗಿಲದ ಹೊಟ್ಟೆಯಲ್ಲಿ ಇಂದಿಗೂ ಹಸುವಿನಂತೆ ಹಲವು ಕೋಣೆಗಳಿವೆ. ಮೆಲುಕು ಮಾತ್ರ ಹಾಕುವುದಿಲ್ಲ.

ಎರಡು ಬಗೆ

ಡಾಲ್ಫಿನ್‌ಗಳನ್ನೂ ಸೇರಿಸಿದರೆ ಈ ಗುಂಪಿನಲ್ಲಿ ಸುಮಾರು 90 ಜಾತಿಗಳಿವೆ. ಅವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ.

ಒಂದು, ಹಲ್ಲಿಲ್ಲದವು. ಇವುಗಳ ಮೇಲ್ದವಡೆಯಿಂದ ಬಾಚಣಿಗೆಯ ಹಲ್ಲಿನಂತೆ ಪಟ್ಟಿಗಳು ಇಳಿಬಿದ್ದಿರುತ್ತವೆ. ದನದ ಕೊಂಬು, ಗೊರಸಿನ ಹೊರಪದರ ಯಾವುದರಿಂದ ಆಗಿದೆಯೋ ಅದೇ ವಸ್ತುವಿನಿಂದ ಇವೂ ಆಗಿವೆ. ಬಾಯಿ ತುಂಬ ನೀರು ತುಂಬಿಕೊಂಡು ಹೊರಕ್ಕೆ ತಳ್ಳಿದಾಗ ಸಣ್ಣ ಸಿಗಡಿಯಂಥ ಜೀವಿಗಳೂ ಮೀನುಗಳೂ ಜರಡಿಯಲ್ಲಿ ಉಳಿದಂತೆ ಒಳಗೇ ಉಳಿಯುತ್ತವೆ. ನೀಲಿ ತಿಮಿಂಗಿಲ, ಗೂನುಬೆನ್ನಿನ ತಿಮಿಂಗಿಲ ಈ ಬಗೆಯವು. ನೀಲಿ ತಿಮಿಂಗಿಲ 30 ಮೀಟರ್‌ವರೆಗೂ ಬೆಳೆಯುತ್ತದೆ. ಭೂಮಿಯ ಮೇಲೆ ಇದಕ್ಕಿಂತ ಭಾರದ ಪ್ರಾಣಿ ಇನ್ನೊಂದು ಕಂಡುಬಂದಿಲ್ಲ.

ಇನ್ನೊಂದು, ಹಲ್ಲಿರುವವು. ಸ್ಪರ್ಮ್ ತಿಮಿಂಗಿಲ, ಓರ್ಕಾ, ಡಾಲ್ಫಿನ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವು ಶಬ್ದ ಹೊರಡಿಸಿ, ಅದು ತಾಗಿ ಮರಳುವ ಪ್ರತಿಧ್ವನಿಯಿಂದ ಕತ್ತಲಲ್ಲೂ ಬೇಟೆಯನ್ನು ಹುಡುಕುತ್ತವೆ. ಸ್ಪರ್ಮ್ ತಿಮಿಂಗಿಲ ಒಂದು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಮುಳುಗಿ ಸ್ಕ್ವಿಡ್ ಹಿಡಿಯುತ್ತದೆ.

ನೀರಿನೊಳಗೆ ಹಾಲೂಡಿಸುವುದು ಹೇಗೆ?

ತಿಮಿಂಗಿಲಕ್ಕೆ ಜೋತಾಡುವ ಕೆಚ್ಚಲಿಲ್ಲ. ಎರಡು ಮೊಲೆತೊಟ್ಟುಗಳು ಹೊಟ್ಟೆಯಡಿಯ ಚರ್ಮದ ಸೀಳಿನೊಳಗೆ ಅಡಗಿರುತ್ತವೆ. ಕರು ಬಂದು ಬಾಯಿಟ್ಟಾಗ ತೊಟ್ಟು ಹೊರಬರುತ್ತದೆ. ನಮ್ಮ ಕರುವಿನಂತೆ ತುಟಿಯಿಂದ ಚೀಪುವುದು ಅದಕ್ಕೆ ಕಷ್ಟ. ಆದ್ದರಿಂದ ತಾಯಿಯೇ ಸ್ನಾಯು ಬಿಗಿದು ಹಾಲನ್ನು ಅದರ ಬಾಯಿಗೆ ಚಿಮ್ಮಿಸುತ್ತಾಳೆ. ಕರು ಉಸಿರಿಗೆ ಮೇಲೆ ಹೋಗಬೇಕಾದ್ದರಿಂದ ಪ್ರತಿ ಸಲ ಕುಡಿಯಲು ಸಿಗುವ ಸಮಯ ಸ್ವಲ್ಪವೇ. ಅಷ್ಟರಲ್ಲೇ ಹೊಟ್ಟೆ ತುಂಬಬೇಕು, ಮೈಗೆ ಬೆಚ್ಚನೆಯ ಕೊಬ್ಬೂ ಸೇರಬೇಕು. ಅದಕ್ಕೇ ಹಾಲು ಅಷ್ಟು ಗಟ್ಟಿ.

ನೀಲಿ ತಿಮಿಂಗಿಲದ ಕರು ಹುಟ್ಟುವಾಗಲೇ ಸುಮಾರು 7 ಮೀಟರ್ ಉದ್ದ, ಎರಡು ಟನ್‌ಗೂ ಹೆಚ್ಚು ತೂಕ. ದಿನಕ್ಕೆ ಸುಮಾರು 200 ಲೀಟರ್ ಹಾಲು ಕುಡಿದು ಸುಮಾರು 90 ಕಿಲೋ ಬೆಳೆಯುತ್ತದೆ. ಆರೇಳು ತಿಂಗಳಿಗೆ ಹಾಲು ಬಿಡುತ್ತದೆ.

ಇಷ್ಟು ಹಾಲು ಎಲ್ಲಿಂದ ಬರುತ್ತದೆ? ಕರು ಹಾಕಿದ ಹೊಸದರಲ್ಲಿ ಹಸು ತಿಂದದ್ದು ಸಾಲದೆ ಮೈ ಇಳಿಯುವುದನ್ನು ನೀವು ನೋಡಿದ್ದೀರಿ. ತಿಮಿಂಗಿಲದಲ್ಲಿ ಇದು ಇನ್ನೂ ಕಠಿಣ. ದೊಡ್ಡ ತಿಮಿಂಗಿಲಗಳಲ್ಲಿ ಬಹಳಷ್ಟು ಜಾತಿಗಳು ಬೇಸಿಗೆಯಲ್ಲಿ ತಂಪು ಕಡಲಿನಲ್ಲಿ ಮೇಯುತ್ತವೆ, ಚಳಿಗಾಲಕ್ಕೆ ಬೆಚ್ಚನೆಯ ಕಡಲಿಗೆ ಬಂದು ಕರು ಹಾಕುತ್ತವೆ. ಅಲ್ಲಿ ತಾಯಿಗೆ ಮೇವು ಬಲು ಕಡಿಮೆ. ಚರ್ಮದಡಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿ ಹಾಲು ಮಾಡಬೇಕು.

ಚಿಕ್ಕಮ್ಮಂದಿರು, ಅಜ್ಜಿಯರು

ಹೆಣ್ಣು ಸ್ಪರ್ಮ್ ತಿಮಿಂಗಿಲಗಳು ತಾಯಿ, ಮಗಳು, ಅಜ್ಜಿ ಎಂದು ಕೂಡು ಕುಟುಂಬದಲ್ಲಿ ಇರುತ್ತವೆ. ತಾಯಿ ಮೇವಿಗೆ ಆಳಕ್ಕೆ ಹೋದಾಗ ಕರು ಅಷ್ಟು ಆಳಕ್ಕೆ ಹೋಗಲಾರದು. ಆಗ ಗುಂಪಿನ ಬೇರೆ ಹೆಣ್ಣುಗಳು ಮೇಲೆಯೇ ಉಳಿದು ಕರುವನ್ನು ಕಾಯುತ್ತವೆ. ಓರ್ಕಾಗಳಲ್ಲಿ ಹೆಣ್ಣು ಸುಮಾರು 40 ವರ್ಷಕ್ಕೆ ಹೆರುವುದು ನಿಲ್ಲಿಸಿದರೂ ಮುಂದೆ ಹಲವಾರು ವರ್ಷ ಬದುಕುತ್ತದೆ. ಮೀನು ಕಡಿಮೆಯಾದ ವರ್ಷಗಳಲ್ಲಿ ಗುಂಪಿನ ಮುಂದೆ ನಡೆದು ಮೀನು ಇರುವ ಜಾಗಕ್ಕೆ ಕರೆದೊಯ್ಯುವುದು ಹೆಚ್ಚಾಗಿ ಈ ಅಜ್ಜಿಯರೇ.

ಒಂದು ತಾಯಿ ಹೋದರೆ ನಷ್ಟವೆಷ್ಟು?

ವರ್ಷಕ್ಕೊಂದು ಕರು ಸಿಗಬೇಕು ಎಂಬುದು ಹೈನುಗಾರಿಕೆಯ ಲೆಕ್ಕ. ಕರುವಿನ ಅಂತರ ಹೆಚ್ಚಿದರೆ ಮನೆಯ ಆದಾಯವೇ ತಪ್ಪುತ್ತದೆ. ನೀಲಿ ತಿಮಿಂಗಿಲ ಕರು ಹಾಕುವುದು ಎರಡು-ಮೂರು ವರ್ಷಕ್ಕೊಮ್ಮೆ, ಅದೂ ಒಂದೇ ಕರು. ಸ್ಪರ್ಮ್ ತಿಮಿಂಗಿಲದಲ್ಲಿ ಗಬ್ಬದ ಅವಧಿಯೇ 14ರಿಂದ 16 ತಿಂಗಳು, ಕರುವಿನ ಅಂತರ ನಾಲ್ಕು ವರ್ಷಕ್ಕೂ ಹೆಚ್ಚು.

ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿಯನ್ನು ಮನುಷ್ಯರು ಎಣ್ಣೆಗೆ, ಮಾಂಸಕ್ಕೆ 20ನೇ ಶತಮಾನವೊಂದರಲ್ಲೇ ಸುಮಾರು 29 ಲಕ್ಷದಷ್ಟು ಕೊಂದರು. ವ್ಯಾಪಾರಕ್ಕಾಗಿ ತಿಮಿಂಗಿಲ ಬೇಟೆ ಮಾಡಬಾರದೆಂಬ ಅಂತರರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದು 1986ರಲ್ಲಿ. ಅಂಟಾರ್ಕ್ಟಿಕಾದ ನೀಲಿ ತಿಮಿಂಗಿಲಗಳು ಇಂದಿಗೂ ಮೊದಲಿನ ಸಂಖ್ಯೆಯ ಹತ್ತಿರಕ್ಕೂ ಬಂದಿಲ್ಲ.

ನಮ್ಮ ಅರಬ್ಬಿ ಸಮುದ್ರದ ಹಿಂಡು

ಗೂನುಬೆನ್ನಿನ ತಿಮಿಂಗಿಲಗಳ ಒಂದು ಪುಟ್ಟ ಹಿಂಡು ಅರಬ್ಬಿ ಸಮುದ್ರ ಬಿಟ್ಟು ಹೋಗುವುದೇ ಇಲ್ಲ. ನಮ್ಮ ಹೊಲಕ್ಕೆ ಮಳೆ ತರುವ ಮುಂಗಾರು ಗಾಳಿಯೇ ಒಮಾನ್ ದೇಶದ ಕರಾವಳಿಯಲ್ಲಿ ಕಡಲಿನ ತಳದ ತಂಪು, ಸತ್ವಭರಿತ ನೀರನ್ನು ಮೇಲಕ್ಕೆ ತರುತ್ತದೆ. ಅಲ್ಲಿ ಮೀನು ಹೆಚ್ಚುತ್ತದೆ, ಇವುಗಳಿಗೆ ಅಲ್ಲೇ ಮೇವು. 1966ರಲ್ಲಿ ಸೋವಿಯತ್ ಹಡಗುಗಳು ಅರಬ್ಬಿ ಸಮುದ್ರದಲ್ಲಿ ಇಂಥ 242 ತಿಮಿಂಗಿಲಗಳನ್ನು ಕೊಂದವು. ಒಮಾನ್ ಕಡಲಿನಲ್ಲಿ ಈಗ ಉಳಿದಿರುವುದು ನೂರರ ಒಳಗೆ ಎಂಬ ಅಂದಾಜಿದೆ.

ಆ ಹಿಂಡಿನ ಲುಬಾನ್ ಎಂಬ ಹೆಣ್ಣು ತಿಮಿಂಗಿಲಕ್ಕೆ 2017ರಲ್ಲಿ ಒಮಾನ್‌ನಲ್ಲಿ ಉಪಗ್ರಹ ಸಾಧನ ಅಳವಡಿಸಿದ್ದರು. ಅದು ಅರಬ್ಬಿ ಸಮುದ್ರ ದಾಟಿ ಗೋವಾ ಕಡೆಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯವರೆಗೂ ಸಾಗಿತು. ಅಂದರೆ ನಮ್ಮ ಕಾರವಾರ, ಮಂಗಳೂರುಗಳ ಆಚೆಯ ಕಡಲೂ ಅವುಗಳ ಓಡಾಟದ ಜಾಗವೇ. ಈಗ ಅವುಗಳಿಗೆ ಅಪಾಯ ಬೇಟೆಗಾರರಿಂದಲ್ಲ. ಮೀನಿನ ಬಲೆಗೆ ಸಿಕ್ಕಿಕೊಳ್ಳುವುದು, ದೊಡ್ಡ ಹಡಗುಗಳು ಡಿಕ್ಕಿ ಹೊಡೆಯುವುದು, ಇವೇ ದೊಡ್ಡ ಭಯ. ನೂರು ತಲೆಯೂ ಇಲ್ಲದ ಹಿಂಡಿನಲ್ಲಿ ಹೆರುವ ಹೆಣ್ಣೊಂದು ಸತ್ತರೆ ಆ ಜಾಗ ತುಂಬಲು ಎಷ್ಟು ವರ್ಷ ಬೇಕೆಂದು ನೀವೇ ಲೆಕ್ಕ ಹಾಕಿ.

ನಾವು ನೆನಪಿಡಬೇಕಾದ್ದು

• ಕರಾವಳಿಯ ಅಕ್ಕಂದಿರೇ, ದಡದಲ್ಲಿ ತಿಮಿಂಗಿಲ ಅಥವಾ ಡಾಲ್ಫಿನ್ ಕಂಡರೆ, ಬದುಕಿರಲಿ ಸತ್ತಿರಲಿ, ಅರಣ್ಯ ಇಲಾಖೆಗೆ ತಿಳಿಸಿ. ಬದುಕಿದ್ದರೆ ಜನ ಮುತ್ತದಂತೆ ನೋಡಿಕೊಳ್ಳಿ. ಉಸಿರಾಡುವ ನೆತ್ತಿಯ ಹೊಳ್ಳೆಗೆ ನೀರು, ಮರಳು ಹೋಗದಿರಲಿ.

• "ತಿಮಿಂಗಿಲದ ವಾಂತಿ, ಕೋಟಿ ಬೆಲೆ" ಎಂದು ಯಾರಾದರೂ ಹಣ ಹೂಡಲು ಕರೆದರೆ ಹೋಗಬೇಡಿ. ಇದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ ಅಂಬರ್‌ಗ್ರಿಸ್ ಎಂಬ ವಸ್ತು. ನಮ್ಮ ದೇಶದಲ್ಲಿ ಇದರ ಮಾರಾಟ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಮ್ಮ ರಾಜ್ಯದಲ್ಲೂ ಇದಕ್ಕಾಗಿ ಜನ ಜೈಲು ಸೇರಿದ್ದಾರೆ.

• ಶಾಲೆಗೆ ಹೋಗುವ ಮಕ್ಕಳಿಗೆ ಇದನ್ನು ಓದಿ ಹೇಳಿ. ತಿಮಿಂಗಿಲ ಮೀನೋ ಅಲ್ಲವೋ ಎಂದು ಮೊದಲು ಅವರನ್ನೇ ಕೇಳಿ. ಆಮೇಲೆ ಕೊಟ್ಟಿಗೆಯಲ್ಲಿರುವ ಹಸುವನ್ನು ತೋರಿಸಿ, ಅದರ ನೆಂಟಸ್ತಿಕೆ ತಿಳಿಸಿ.