ತೋಟದ ಕೆಲಸದ ಕಾಯಿಲೆ: ಆಸ್ಪತ್ರೆಯ ಕಾಗದದಲ್ಲಿ ಏನು ಬರೆದಿದೆ?

ಕಾಫಿಯ ಬಿಳಿ ಕಾಂಡಕೊರಕಕ್ಕೆಂದು ಗಿಡದ ಬೊಡ್ಡೆಗೆ ಮದ್ದು ಹೊಡೆಯುತ್ತಿದ್ದ ನಮ್ಮ ತೋಟದ ಕೆಲಸಗಾರನೊಬ್ಬ, ಸಂಜೆ ಮನೆಗೆ ಹೋದವನು ವಾಂತಿ ಮಾಡಿಕೊಂಡು, ಮೈಯೆಲ್ಲ ಬೆವೆತು, ಜೊಲ್ಲು ಸುರಿಸುತ್ತ ಮಲಗಿಬಿಟ್ಟ. ಜೀಪಿನಲ್ಲಿ ಪೇಟೆಯ ಆಸ್ಪತ್ರೆಗೆ ಒಯ್ದೆವು. ಏನಾಯಿತೆಂದು ಅಲ್ಲಿ ಕೇಳಿದಾಗ ಅವನ ಭಾವ ಗಾಬರಿಯಲ್ಲಿ ಹೇಳಿದ್ದು ಇಷ್ಟೇ: "ಮದ್ದು ಸ್ವಾಮಿ, ಗಿಡದ ಮದ್ದು." ಯಾವ ಮದ್ದೆಂದು ವೈದ್ಯರು ನನ್ನನ್ನು ಕೇಳಿದರು. ನನಗೆ ಹೆಸರು ನೆನಪಿರಲಿಲ್ಲ. ಬಾಟಲಿಯಿಂದ ಅದನ್ನು ಹಳೆಯ ಕ್ಯಾನಿಗೆ ಸುರಿದಿಟ್ಟವನು ನಾನೇ. ವೈದ್ಯರು ಕಣ್ಣಿನ ಪಾಪೆ ಸಾಸಿವೆಯಷ್ಟಾಗಿರುವುದನ್ನು ನೋಡಿ, ಲಕ್ಷಣದ ಮೇಲೆಯೇ ಅಟ್ರೋಪಿನ್ ಕೊಟ್ಟರು. ಆಳು ಉಳಿದ.

ಆದರೆ ಬಿಡುಗಡೆ ಚೀಟಿಯಲ್ಲಿ "ವಿಷ ಸೇವನೆ" ಎಂದು ಬರೆದಿತ್ತು. ಸೇವನೆ ಎಂದರೆ ತಾನಾಗಿ ಕುಡಿದದ್ದು ಎಂದೇ ಅರ್ಥವಾಯಿತು. ಪೊಲೀಸರು ಮನೆಗೆ ಬಂದು, ಗಂಡ ಹೆಂಡಿರಲ್ಲಿ ಜಗಳವಿತ್ತೇ ಎಂದು ವಿಚಾರಿಸಿದರು. ವಿಮೆಯ ಅರ್ಜಿ ಹಿಂದಕ್ಕೆ ಬಂತು. ದಿನವಿಡೀ ನಮ್ಮ ತೋಟದಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು ದುಡಿದವನು ಊರವರ ಬಾಯಲ್ಲಿ ವಿಷ ಕುಡಿದವನಾದ.

ಆಸ್ಪತ್ರೆಯ ದಾಖಲೆ ಹೇಗೆ ತಯಾರಾಗುತ್ತದೆ ಎಂಬುದನ್ನು ಬೆಳೆಗಾರರು ಸ್ವಲ್ಪ ತಿಳಿದಿರಬೇಕು. ವೈದ್ಯರು ಬರೆದದ್ದನ್ನು ದಾಖಲೆ ವಿಭಾಗದವರು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಗ್ರಂಥದ ಪ್ರಕಾರ ಸಂಕೇತಗಳಿಗೆ ಇಳಿಸುತ್ತಾರೆ. ಇದರ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿದ್ದರೂ ಹತ್ತನೆಯದೇ ಇನ್ನೂ ಬಹಳ ಕಡೆ ಬಳಕೆಯಲ್ಲಿದೆ. ಅದರಲ್ಲಿ ಸಾವಯವ ರಂಜಕ ವರ್ಗದ ಕೀಟನಾಶಕದಿಂದ ಆದ ವಿಷಬಾಧೆಗೆ ಟಿ 60.0 ಎಂಬ ಸಂಕೇತ. ಕಳೆನಾಶಕ, ಶಿಲೀಂಧ್ರನಾಶಕಗಳಿಗೆ ಟಿ 60.3. ಇದರ ಜೊತೆಗೆ ಹೇಗಾಯಿತು ಎಂಬುದಕ್ಕೆ ಇನ್ನೊಂದು ಸಂಕೇತ ಬೀಳುತ್ತದೆ: ಆಕಸ್ಮಿಕವಾದರೆ ಎಕ್ಸ್ 48, ಬೇಕೆಂದೇ ಸೇವಿಸಿದ್ದಾದರೆ ಎಕ್ಸ್ 68, ಉದ್ದೇಶ ತೀರ್ಮಾನವಾಗದಿದ್ದರೆ ವೈ 18. ಕೃಷಿ ಕೆಲಸದಲ್ಲಿ ವಿಷವಸ್ತುಗಳ ಸಂಪರ್ಕವಿದೆ ಎಂದು ಗುರುತಿಸಲು ಝಡ್ 57.4 ಎಂಬುದು ಪ್ರತ್ಯೇಕವಾಗಿಯೇ ಇದೆ. ಸಂಕೇತ ಹಾಕುವವರು ವೈದ್ಯರು ಬರೆಯದ್ದನ್ನು ಸೇರಿಸುವಂತಿಲ್ಲ. ವೈದ್ಯರು ನಾವು ಹೇಳದ್ದನ್ನು ಊಹಿಸಿ ಬರೆಯಲಾರರು. ಕೀಟನಾಶಕಕ್ಕೂ ಜ್ವರದ ಗುಳಿಗೆಗೂ ಮದ್ದು ಎಂಬ ಒಂದೇ ಮಾತಿಟ್ಟುಕೊಂಡ ನಾವು ಆಸ್ಪತ್ರೆಯಲ್ಲಾದರೂ ಬಿಡಿಸಿ ಹೇಳಬೇಕು: "ಬೆಳಿಗ್ಗೆಯಿಂದ ತೋಟದಲ್ಲಿ ಇಂಥ ಕೀಟನಾಶಕ ಸಿಂಪಡಿಸುತ್ತಿದ್ದ, ಪಂಪು ಸೋರಿ ಬೆನ್ನು ನೆನೆದಿತ್ತು, ಬಾಯಿಗೆ ಹೋಗಿಲ್ಲ."

ಹೆಸರು ಗೊತ್ತಿರಬೇಕಾದದ್ದು ಕಾಗದಕ್ಕಾಗಿ ಮಾತ್ರವಲ್ಲ. ಸಾವಯವ ರಂಜಕಕ್ಕೆ ಅಟ್ರೋಪಿನ್ ಇದೆ. ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. ಅದು ದೇಹ ಸೇರಿದವನಿಗೆ ಅನಗತ್ಯವಾಗಿ ಆಮ್ಲಜನಕ ಕೊಟ್ಟರೆ ಶ್ವಾಸಕೋಶ ಇನ್ನಷ್ಟು ಕೆಡುತ್ತದೆ. ಬಾಟಲಿಯ ಮೇಲಿನ ಚೀಟಿಯಲ್ಲಿ ರಾಸಾಯನಿಕದ ಹೆಸರು, ವಿಷದ ಮಟ್ಟ ತೋರಿಸುವ ಬಣ್ಣದ ತ್ರಿಕೋನ, ಪ್ರತಿವಿಷದ ವಿವರ ಎಲ್ಲ ಇರುತ್ತವೆ. ರೋಗಿಯ ಜೊತೆ ಜೀಪಿಗೆ ಮೊದಲು ಹತ್ತಬೇಕಾದದ್ದು ಆ ಬಾಟಲಿ.

ಅಡಿಕೆ ಬೆಳೆಗಾರರು ಇದು ಕಾಫಿಯವರ ಮಾತೆಂದು ಪುಟ ತಿರುವಬಾರದು. ಮೈಲುತುತ್ತ, ಸುಣ್ಣ ತಾನೇ, ಅದೇನು ವಿಷವೇ ಎಂಬ ಮಾತು ಮಳೆಗಾಲದಲ್ಲಿ ಎಲ್ಲ ಕಡೆ ಕೇಳುತ್ತದೆ. 1969ರಲ್ಲಿ ಪೋರ್ಚುಗಲ್ಲಿನ ವೈದ್ಯರು ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ದ್ರಾವಣ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡ ಗಂಟುಗಳನ್ನು ಕಂಡು, ಅದನ್ನು ಹೊಸದೊಂದು ಕಸುಬಿನ ಕಾಯಿಲೆಯೆಂದು ಪ್ರಕಟಿಸಿದರು. ಕೊಳೆರೋಗಕ್ಕೆ ನಾವು ಹೊಡೆಯುವುದೂ ಅದೇ ದ್ರಾವಣ. ನಮ್ಮ ಔಷಧಿ ಹೊಡೆಯುವವರು ಹತ್ತಿಪ್ಪತ್ತು ಮಳೆಗಾಲ ಅದರ ತುಂತುರಿನಲ್ಲೇ ಉಸಿರಾಡಿದವರು. ಅಂಥವರು ಕೆಮ್ಮು, ಏದುಸಿರು ಎಂದು ವೈದ್ಯರ ಬಳಿ ಹೋದಾಗ ಬೀಡಿ ಸೇದುತ್ತೀಯಾ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಎಷ್ಟು ವರ್ಷದಿಂದ ತುತ್ತ ಹೊಡೆಯುತ್ತಿದ್ದೀಯಾ ಎಂದು ಕೇಳಲು ಪೇಟೆಯ ವೈದ್ಯರಿಗೆ ಹೊಳೆಯದೆ ಇರಬಹುದು. ಕೇಳದಿದ್ದರೂ ಹೇಳಬೇಕು.

ಕೊನೆಗಾರ ಮರದಿಂದ ಬಿದ್ದಾಗಲೂ ಹೀಗೆಯೇ. ಮರದಿಂದ ಬಿದ್ದದ್ದಕ್ಕೆ ಡಬ್ಲ್ಯು 14. ಬಿದ್ದ ಜಾಗ ಮನೆಯೋ ಕೃಷಿಭೂಮಿಯೋ, ಆಗ ಕೂಲಿ ಕೆಲಸದಲ್ಲಿದ್ದನೋ ಎಂಬುದಕ್ಕೂ ಬೇರೆ ಅಂಕೆಗಳಿವೆ. ತೋಟ ಮನೆಯ ಹಿಂದೆಯೇ ಇರುವುದರಿಂದ "ಮನೆ ಹತ್ತಿರ ಬಿದ್ದ" ಎಂದುಬಿಡುತ್ತೇವೆ. ಕೊನೆ ತೆಗೆಯುವಾಗ ಬಿದ್ದ ಎನ್ನಿ.

ಆ ಗ್ರಂಥದಲ್ಲಿ ಎ 98.2 ಎಂಬುದು ನಮ್ಮದೇ ಮಲೆನಾಡಿನ ಹೆಸರು: ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಜಗತ್ತಿನ ಪುಸ್ತಕದಲ್ಲಿ ಊರಿನ ಹೆಸರು ಬಂದ ಬಗೆ ಹೆಮ್ಮೆಪಡುವಂಥದಲ್ಲ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಬರುತ್ತದೆ. ಬೇಸಿಗೆಯಲ್ಲಿ ತರಗು ಗುಡಿಸಲು ಬೆಟ್ಟಕ್ಕೆ ಹೋದದ್ದನ್ನೂ, ಅಲ್ಲಿ ಸತ್ತ ಮಂಗ ಕಂಡದ್ದನ್ನೂ ಹೇಳದಿದ್ದರೆ ಆರ್ 50.9, ಬರೀ ಜ್ವರ ಎಂದಾಗಿ ದಾಖಲೆ ಮುಗಿಯಬಹುದು. ಹೇಳಿದರೆ ಸರಿಯಾದ ರಕ್ತಪರೀಕ್ಷೆಗೆ ದಾರಿಯಾಗುತ್ತದೆ, ಊರಿನ ಉಳಿದವರಿಗೂ ಎಚ್ಚರಿಕೆ ಮುಟ್ಟುತ್ತದೆ.

ನಮ್ಮ ಮನೆಯಲ್ಲಿ ಈಗ ಕೂಲಿ ಲೆಕ್ಕದ ಪುಸ್ತಕದಲ್ಲೇ ಒಂದು ಕಲಂ ಹೆಚ್ಚಾಗಿದೆ. ತಾರೀಖಿನ ಎದುರು ಯಾವ ರಾಸಾಯನಿಕ, ಕಲಸಿದವರು ಯಾರು, ಹೊಡೆದವರು ಯಾರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ ಎಂದು ಮಗಳು ಬರೆದಿಡುತ್ತಾಳೆ. ಹೆಸರನ್ನು ಚೀಟಿಯಲ್ಲಿ ಇದ್ದಂತೆಯೇ ಬರೆಯಬೇಕು. "ನೀಲಿ ಮುಚ್ಚಳದ್ದು" ಎಂದು ನಾನು ಒಮ್ಮೆ ಬರೆದದ್ದಕ್ಕೆ ಅವಳಿಂದ ಬೈಸಿಕೊಂಡೆ. ಪುಸ್ತಕದಲ್ಲಿ ಹೀಗೆ ಬರೆದರೆ ನಾಳೆ ಅದು ಯಜಮಾನನ ಮೇಲೆಯೇ ಸಾಕ್ಷಿಯಾಗದೇ ಎಂದು ನೆರೆಯವರೊಬ್ಬರು ಕೇಳಿದರು. ಆಗಬಹುದು. ನಮ್ಮ ಕೆಲಸಕ್ಕೆ ಬಂದು ಕಾಯಿಲೆ ಬಿದ್ದವನ ಖರ್ಚು ನಮ್ಮ ಲೆಕ್ಕಕ್ಕೆ ಬಂದರೆ ಅದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಆಳಿನ ಚೀಟಿಯನ್ನು ಕಡೆಗೂ ತಿದ್ದಿಸಿದೆವು. ಅಂಗಡಿಯ ರಸೀತಿಯಿಂದ ಮದ್ದಿನ ಹೆಸರು ಹುಡುಕಿ, ಜೊತೆಗೆ ಕೆಲಸಕ್ಕಿದ್ದ ಇಬ್ಬರನ್ನು ಕರೆದುಕೊಂಡು ಹೋಗಿ ಚಿಕಿತ್ಸೆ ಕೊಟ್ಟ ವೈದ್ಯರನ್ನೇ ಕಂಡೆವು. ಅವರು ಹಳೆಯದನ್ನು ಹೊಡೆದುಹಾಕದೆ, ಕೆಳಗೆ ತಾರೀಖು ಹಾಕಿ, ಕೀಟನಾಶಕ ಸಿಂಪಡಿಸುವಾಗ ಚರ್ಮದ ಮೂಲಕ ಆಕಸ್ಮಿಕವಾಗಿ ಆದ ವಿಷಬಾಧೆ ಎಂದು ಬರೆದು ಸಹಿ ಮಾಡಿದರು. ಅಷ್ಟಕ್ಕೆ ಪೇಟೆಗೆ ಮೂರು ಸಲ ಓಡಾಡಬೇಕಾಯಿತು.